‘ರುಚಿ ನೋಡಿದ್ದಷ್ಟೇ!’: ಬ್ರೂಪಬ್ ಬಿಯರ್ ಬಗ್ಗೆ ನಾಲಗೆ ಹೇಳುವುದೆಷ್ಟು, ಹೇಳದೇ ಬಿಡುವುದೆಷ್ಟು?

ಶನಿವಾರ ಸಂಜೆ, ಬೆಂಗಳೂರಿನ ಒಂದು ಬ್ರೂಪಬ್. ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಜಾಗ. ಒಬ್ಬೊಬ್ಬರ ಮುಂದೆಯೂ ಒಂದು ಮರದ ಹಲಗೆ, ಅದರ ಗುಳಿಗಳಲ್ಲಿ ಆರು ಪುಟ್ಟ ಲೋಟ. ಹೊಂಬಣ್ಣದಿಂದ ಹಿಡಿದು ಕಾಫಿ ಡಿಕಾಕ್ಷನ್ ಬಣ್ಣದವರೆಗೆ ಆರು ಬಗೆಯ ಬಿಯರ್. ನಾವು ನಾಲ್ವರು ಗೆಳೆಯರು ಟಿಶ್ಯೂ ಪೇಪರ್ ಮೇಲೆ ಗೆರೆ ಎಳೆದುಕೊಂಡು ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಿದ್ದೆವು. ಕೊನೆಯ ಲೋಟಕ್ಕೆ ಎಲ್ಲರಿಂದಲೂ ಒಂಬತ್ತು ಬಿತ್ತು. ಗೆದ್ದ ಬಿಯರ್ ಅಂತ ಅದನ್ನೇ ಒಂದೊಂದು ಪೂರ್ತಿ ಗ್ಲಾಸ್ ತರಿಸಿದ್ದೂ ಆಯಿತು.

ಎದ್ದು ಹೊರಡುವಾಗ ಒಬ್ಬ ಬೈಕ್ ಕೀ ಕೈಗೆತ್ತಿಕೊಂಡ. ‘ಬೇಡ ಕಣೋ, ಕ್ಯಾಬ್ ಮಾಡೋಣ’ ಅಂದೆವು. ‘ಏ, ರುಚಿ ನೋಡಿದ್ದಷ್ಟೇ ಮಗಾ. ಎಣ್ಣೆ ಹೊಡೆದಿದ್ದೀನಾ?’ ಅಂದ. ಸಾಲದ್ದಕ್ಕೆ ಫೋನ್ ತೆಗೆದು ಒಂದು ಫಾರ್ವರ್ಡ್ ಓದಿ ಹೇಳಿದ.

ಬಹುಶಃ ನಿಮ್ಮ ಗುಂಪಿಗೂ ಅಂಥದ್ದೊಂದು ಬಂದಿರಬಹುದು. ಅದರ ಸಾರ ಇಷ್ಟು:

• ಬ್ರೂಪಬ್ ಬಿಯರ್ ಫ್ರೆಶ್, ಕೆಮಿಕಲ್ ಇಲ್ಲ, ಹಾಗಾಗಿ ಹ್ಯಾಂಗೋವರ್ ಆಗುವುದಿಲ್ಲ.
• ಬಾಟಲಿ ಬಿಯರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ತಲೆನೋವು ಬರುವುದು ಅದರಿಂದಲೇ.
• ಬಿಯರ್ ಅಂದರೆ ಬಾರ್ಲಿ ನೀರು, ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ.
• ಕಪ್ಪು ಬಿಯರ್ ಮಾತ್ರ ಸ್ಟ್ರಾಂಗ್, ತಿಳಿ ಬಣ್ಣದ್ದು ಲೈಟ್.

ಅವತ್ತು ಕೀ ನನ್ನ ಬ್ಯಾಗಿಗೆ ಬಂತು, ನಾವೆಲ್ಲ ಕ್ಯಾಬ್‌ನಲ್ಲೇ ಹೋದೆವು. ಮನೆಗೆ ಬಂದ ಮೇಲೆ ಆ ಟಿಶ್ಯೂ ಪೇಪರ್ ಮತ್ತು ಮೆನುವಿನ ಫೋಟೊ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದೆ. ‘ರುಚಿ ನೋಡಿದ್ದಷ್ಟೇ’ ಅನ್ನುವುದು ಎಷ್ಟು ದೊಡ್ಡ ಸುಳ್ಳು ಎಂದು ಆಗ ಗೊತ್ತಾಯಿತು. ಆ ಲೆಕ್ಕ ಮುಂದಿದೆ. ಅದಕ್ಕೆ ಮೊದಲು, ರುಚಿ ನೋಡುವುದು ಎಂದರೇನು ಎಂದು ನೋಡೋಣ.

ಲೋಟದಲ್ಲಿ ಇರುವುದೇನು?

ಬಿಯರ್‌ಗೆ ಬೇಕಾದ್ದು ನಾಲ್ಕೇ ವಸ್ತು: ನೀರು, ಬಾರ್ಲಿ ಮಾಲ್ಟ್, ಹಾಪ್ಸ್ ಮತ್ತು ಯೀಸ್ಟ್.

ಮಾಲ್ಟ್ ನಮಗೆ ಹೊಸದಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದರೆ ರಾಗಿ ಮಾಲ್ಟ್. ಬಾರ್ಲಿಗೂ ಅದೇ ಕ್ರಮ. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಮುಂದೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಿಹಿ ರಸಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಹಾಕಿ ಸುಮಾರು ಒಂದು ಗಂಟೆ ಕುದಿಸುತ್ತಾರೆ. ಬಿಯರ್‌ನ ಕಹಿ ಬರುವುದು ಇದರಿಂದ. ಆರಿಸಿದ ಮೇಲೆ ಯೀಸ್ಟ್ ಹಾಕುತ್ತಾರೆ. ದೋಸೆ ಹಿಟ್ಟು ರಾತ್ರಿಯೆಲ್ಲ ಹುದುಗಿ ಉಬ್ಬುವಂತೆ ಇಲ್ಲೂ ಹುದುಗುವಿಕೆ ನಡೆಯುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ.

ಕಾರ್ಖಾನೆಯ ಬಾಟಲಿ ಬಿಯರನ್ನು ಸಾಮಾನ್ಯವಾಗಿ ಸೋಸಿ, ಪಾಶ್ಚರೀಕರಿಸಿ ತಿಂಗಳುಗಟ್ಟಲೆ ಇಡುವಂತೆ ಮಾಡುತ್ತಾರೆ. ಬ್ರೂಪಬ್‌ನಲ್ಲಿ ಹೆಚ್ಚಾಗಿ ಪಾಶ್ಚರೀಕರಣ ಇರುವುದಿಲ್ಲ. ಟ್ಯಾಂಕ್‌ನಿಂದ ಟ್ಯಾಪ್‌ಗೆ ಬರುತ್ತದೆ, ತಂಪಾಗಿಯೇ ಇರಬೇಕು, ಬೇಗ ಖಾಲಿಯಾಗಬೇಕು. ‘ಫ್ರೆಶ್’ ಅನ್ನುವ ಮಾತಿನಲ್ಲಿ ಇಷ್ಟು ನಿಜವಿದೆ. ಹಾಪ್ಸ್‌ನ ಘಮ ದಿನ ಕಳೆದಂತೆ ಮಾಸುವುದರಿಂದ ತಾಜಾ ಬಿಯರ್‌ನ ಪರಿಮಳ ಚೆನ್ನಾಗಿರುವುದೂ ನಿಜ. ಆದರೆ ತಾಜಾತನ ಪರಿಮಳಕ್ಕೆ ಸಂಬಂಧಿಸಿದ್ದು. ಒಳಗಿರುವ ಆಲ್ಕೋಹಾಲ್‌ಗೆ ತಾಜಾ, ಹಳತು ಎಂಬ ಭೇದವಿಲ್ಲ.

ರುಚಿಗಿಂತ ಮೊದಲು ಮೂಗು

ಒಂದು ಏಲಕ್ಕಿ ತೆಗೆದುಕೊಳ್ಳಿ. ಮೂಗನ್ನು ಬೆರಳಿಂದ ಬಿಗಿಯಾಗಿ ಹಿಡಿದು ಜಗಿಯಿರಿ. ಏನೋ ಒಗರು, ಅಷ್ಟೇ. ಈಗ ಮೂಗು ಬಿಡಿ. ಏಲಕ್ಕಿ ‘ರುಚಿ’ ಒಮ್ಮೆಲೇ ತುಂಬಿಕೊಳ್ಳುತ್ತದೆ. ನಾಲಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಮಾತ್ರ. ಉಳಿದದ್ದೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳ.

ಬಿಯರ್ ಸ್ಪರ್ಧೆಗಳ ತೀರ್ಪುಗಾರರು ಬಳಸುವ ಅಂಕಪಟ್ಟಿಯೂ ಇದನ್ನೇ ಹೇಳುತ್ತದೆ. ಅಮೆರಿಕದ ಬಿಜೆಸಿಪಿ ಎಂಬ ಸಂಸ್ಥೆಯ ಪಟ್ಟಿ ಬಹಳ ಕಡೆ ಬಳಕೆಯಲ್ಲಿದೆ. ಒಟ್ಟು 50 ಅಂಕಗಳ ಹಂಚಿಕೆ ಹೀಗಿದೆ:

• ಪರಿಮಳ: 12
• ನೋಟ (ಬಣ್ಣ, ತಿಳಿತನ, ನೊರೆ): 3
• ರುಚಿ: 20
• ಬಾಯಲ್ಲಿ ಅನಿಸುವ ರೀತಿ (ದಪ್ಪವೋ ತೆಳುವೋ, ಗುಳ್ಳೆ ಎಷ್ಟು): 5
• ಒಟ್ಟಾರೆ ಅಭಿಪ್ರಾಯ: 10

ನಾವು ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವ ಬಣ್ಣ, ನೊರೆಗಳಿಗೆ 50ಕ್ಕೆ ಬರೀ 3 ಅಂಕ!

ಮಂಜಿನಷ್ಟು ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ, ನಾಲಗೆಯೂ ಮರಗಟ್ಟುತ್ತದೆ. ಅದಕ್ಕೇ ತೀರ್ಪುಗಾರರು ಲೋಟವನ್ನು ಕೊಂಚ ಹೊತ್ತು ಕೈಯಲ್ಲಿ ಹಿಡಿದು, ಮೊದಲು ಮೂಸಿ, ಆಮೇಲೆ ಒಂದೆರಡು ಗುಟುಕು ಹೀರುತ್ತಾರೆ. ತೆಳುವಾದದ್ದರಿಂದ ಶುರುಮಾಡಿ ಗಾಢವಾದದ್ದಕ್ಕೆ ಹೋಗುತ್ತಾರೆ. ನಡುನಡುವೆ ನೀರು, ಸಪ್ಪೆ ಬ್ರೆಡ್ಡು. ಖಾರ ತಿಂದ ಬಾಯಿಗೆ ಸೂಕ್ಷ್ಮ ರುಚಿ ತಿಳಿಯದು. ಕಾಂಗ್ರೆಸ್ ಕಡ್ಲೆಕಾಯಿ ಮೆಲ್ಲುತ್ತಾ ಅಂಕ ಕೊಡುತ್ತಿದ್ದ ನಾವು ಆ ಲೆಕ್ಕದಲ್ಲಿ ಮೊದಲೇ ಫೇಲ್.

ಮೂಗಿಗೆ ಗೊತ್ತಾಗುವ ಕೆಲವು ದೋಷಗಳೂ ಇವೆ:

• ಬೆಣ್ಣೆ ಅಥವಾ ಪಾಪ್‌ಕಾರ್ನ್ ವಾಸನೆ: ಡೈಅಸಿಟೈಲ್ ಎಂಬ ವಸ್ತು. ಹುದುಗುವಿಕೆ ಪೂರ್ತಿಯಾಗುವ ಮೊದಲೇ ಬಿಯರ್ ಇಳಿಸಿದಾಗ ಅಥವಾ ಟ್ಯಾಪ್ ಕೊಳವೆ ಸ್ವಚ್ಛವಿಲ್ಲದಿದ್ದಾಗ ಬರುತ್ತದೆ.
• ಹಸಿ ಸೇಬಿನ ವಾಸನೆ: ಅಸಿಟಾಲ್ಡಿಹೈಡ್. ಬಿಯರ್ ಇನ್ನೂ ಎಳೆಯದು ಎಂಬುದರ ಗುರುತು.
• ಬೇಯಿಸಿದ ಮುಸುಕಿನ ಜೋಳ, ಎಲೆಕೋಸು: ಡೈಮೀಥೈಲ್ ಸಲ್ಫೈಡ್. ಸಾಕಷ್ಟು ಕುದಿಸದಿದ್ದರೆ ಉಳಿಯುತ್ತದೆ.
• ಒದ್ದೆ ರಟ್ಟಿನ ವಾಸನೆ: ಗಾಳಿಯ ಆಮ್ಲಜನಕ ತಾಗಿ ಹಳಸಿದ ಬಿಯರ್.
• ವಿನೆಗರ್ ಹುಳಿ: ಬ್ಯಾಕ್ಟೀರಿಯಾ ಸೇರಿಕೊಂಡಿದೆ. (ಬೇಕೆಂದೇ ಹುಳಿ ಮಾಡುವ ಬಗೆಗಳೂ ಇವೆ, ಮೆನು ನೋಡಿ.)

ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬಂದರೆ ಅದು ದೋಷವಲ್ಲ, ಯಾರೂ ಎಸೆನ್ಸ್ ಹಾಕಿಲ್ಲ. ಆ ಬಗೆಯ ಯೀಸ್ಟೇ ಅದನ್ನು ತಯಾರಿಸುತ್ತದೆ. ಅದು ಮೋಡಮೋಡವಾಗಿ ಕಾಣುವುದೂ ಗೋಧಿಯ ಪ್ರೋಟೀನ್ ಮತ್ತು ಯೀಸ್ಟ್‌ನಿಂದ.

ಮೇಲಿನ ದೋಷಗಳಿಂದ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ. ಆಮ್ಲೀಯತೆ, ಹಾಪ್ಸ್, ಆಲ್ಕೋಹಾಲ್ ಇವುಗಳ ನಡುವೆ ರೋಗಾಣುಗಳು ಬೆಳೆಯುವುದು ಕಷ್ಟ. ಆದರೆ ದುಡ್ಡು ಕೊಟ್ಟ ಮೇಲೆ ಲೋಟ ಬದಲಿಸಿ ಕೊಡಿ ಅಂತ ಕೇಳಲು ನಾಚಿಕೆ ಬೇಡ.

ಅಂಕ ಕೊಡುವಾಗ ಮೋಸ ಹೋಗುವುದೆಲ್ಲಿ?

ನಮಗೆ ಅನಿಸುವ ರುಚಿಯಲ್ಲಿ ಕಣ್ಣಿನ ಪಾಲು, ಮಾತಿನ ಪಾಲು ದೊಡ್ಡದು. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗ ಪ್ರಸಿದ್ಧ. ಬೋರ್ಡೊ ನಗರದಲ್ಲಿ ವೈನ್ ಬಗ್ಗೆಯೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದರ ಪರಿಮಳವನ್ನು ಬಣ್ಣಿಸಲು ಕೆಂಪು ವೈನ್‌ಗೆ ಬಳಸುವ ಪದಗಳನ್ನೇ ಬಳಸಿದರು. ಮೂಗು ಹೇಳಬೇಕಾದ್ದನ್ನು ಕಣ್ಣು ಹೇಳಿಬಿಟ್ಟಿತ್ತು.

ಬಿಯರ್ ಮೇಲಿನ ಪ್ರಯೋಗವೂ ಇದೆ. ಅಮೆರಿಕದ ಲೀ, ಫ್ರೆಡ್ರಿಕ್ ಮತ್ತು ಏರಿಯಲಿ ಎಂಬ ಸಂಶೋಧಕರು ಪಬ್‌ಗೆ ಬಂದವರಿಗೆ ಎರಡು ಬಿಯರ್ ಕೊಟ್ಟರು. ಒಂದು ಮಾಮೂಲಿ, ಇನ್ನೊಂದಕ್ಕೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್. ಏನೂ ಹೇಳದಿದ್ದಾಗ ವಿನೆಗರ್ ಹಾಕಿದ್ದನ್ನು ಇಷ್ಟಪಟ್ಟವರು ಬಹಳ ಜನ. ಕುಡಿಯುವ ಮೊದಲೇ ‘ಇದರಲ್ಲಿ ವಿನೆಗರ್ ಇದೆ’ ಎಂದಾಗ ಇಷ್ಟಪಟ್ಟವರ ಸಂಖ್ಯೆ ಇಳಿಯಿತು. ಕುಡಿದಾದ ಮೇಲೆ ಹೇಳಿದಾಗ ಅಷ್ಟೇನೂ ಇಳಿಯಲಿಲ್ಲ. ಅಂದರೆ ಮೊದಲೇ ಕಿವಿಗೆ ಬಿದ್ದ ಮಾತು ರುಚಿಯನ್ನೇ ಬದಲಿಸಿತು. 2006ರಲ್ಲಿ ಪ್ರಕಟವಾದ ಅಧ್ಯಯನ ಇದು.

ಹಾಗಾದರೆ ‘ಫ್ರೆಶ್’, ‘ಕ್ರಾಫ್ಟ್’, ‘ಕೆಮಿಕಲ್ ಇಲ್ಲ’ ಎಂಬ ಮಾತುಗಳನ್ನು ಕೇಳಿಕೊಂಡೇ ಲೋಟ ಎತ್ತುವ ನಮ್ಮ ಅಂಕಕ್ಕೆ ಎಷ್ಟು ಬೆಲೆ?

ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. 1940ರ ದಶಕದಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ರೂಪುಗೊಂಡ ಇದನ್ನು ‘ಮೂರು ಲೋಟದ ಪರೀಕ್ಷೆ’ ಎನ್ನಬಹುದು. ಎರಡು ಲೋಟದಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಎಂದು ಹೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ ಒಮ್ಮೆ ಸರಿ ಹೇಳಿದರೆ ಸಾಲದು. ಸತತ ಮೂರು ಸಲ ಬರೀ ಊಹೆಯಿಂದ ಸರಿ ಹೇಳುವ ಸಾಧ್ಯತೆ 27ರಲ್ಲಿ 1 ಮಾತ್ರ. ಇದಕ್ಕೆ ಬಿಯರೇ ಬೇಕೆಂದಿಲ್ಲ. ಎರಡು ಬ್ರಾಂಡಿನ ಕಾಫಿ ಪುಡಿ, ಮನೆಯ ಮಜ್ಜಿಗೆ ಮತ್ತು ಪ್ಯಾಕೆಟ್ ಮಜ್ಜಿಗೆ, ಯಾವುದರ ಮೇಲೂ ಮಾಡಿ ನೋಡಿ. ‘ನನಗೆ ವಾಸನೆಯಲ್ಲೇ ಗೊತ್ತಾಗುತ್ತೆ’ ಎನ್ನುವವರು ಮನೆಯಲ್ಲಿ ಯಾರಿದ್ದಾರೋ ಅವರಿಂದಲೇ ಶುರುಮಾಡಿ.

ಇನ್ನೊಂದು ಬಲೆ ಲೋಟದೊಳಗೇ ಇದೆ. ಗಾಢ ರುಚಿಯ, ಸಿಹಿ ಮುಂದಾದ, ಆಲ್ಕೋಹಾಲ್ ಹೆಚ್ಚಿರುವ ಬಿಯರ್ ಒಂದೆರಡು ಗುಟುಕಿನಲ್ಲೇ ಎದ್ದು ಕಾಣುತ್ತದೆ. ಜಗತ್ತಿನ ಜನಪ್ರಿಯ ಬಿಯರ್ ರೇಟಿಂಗ್ ಪಟ್ಟಿಗಳ ಮೇಲ್ತುದಿಯಲ್ಲಿ ಇಂಪೀರಿಯಲ್ ಸ್ಟೌಟ್‌ನಂಥ ಗಟ್ಟಿ ಬಿಯರ್‌ಗಳು ತುಂಬಿರುವುದು ಇದೇ ಕಾರಣಕ್ಕೆ ಇರಬೇಕು. ಜೊತೆಗೆ ಆರನೆಯ ಲೋಟದ ಹೊತ್ತಿಗೆ ಮೊದಲ ಐದು ಲೋಟಗಳ ಆಲ್ಕೋಹಾಲ್ ರಕ್ತಕ್ಕೆ ಸೇರಿರುತ್ತದೆ. ಅಂಕ ಕೊಡುತ್ತಿರುವುದು ಮೊದಲ ಲೋಟ ಎತ್ತಿದ ಮನುಷ್ಯನಲ್ಲ. ನಮ್ಮ ಟಿಶ್ಯೂ ಪೇಪರ್ ಮೇಲೆ ಕೊನೆಯ ಲೋಟಕ್ಕೆ ಎಲ್ಲರಿಂದಲೂ ಒಂಬತ್ತು ಬಿದ್ದದ್ದರಲ್ಲಿ ಇವೆರಡರ ಕೈವಾಡವೂ ಇರಬೇಕು.

ಕಪ್ಪು ಬಿಯರ್ ಅಂದರೆ ಸ್ಟ್ರಾಂಗಾ?

ಇಲ್ಲ. ಬಿಯರ್‌ನ ಬಣ್ಣ ಬರುವುದು ಮಾಲ್ಟನ್ನು ಎಷ್ಟು ಹುರಿದಿದ್ದಾರೆ ಎಂಬುದರಿಂದ. ಸ್ವಲ್ಪ ಗಾಢವಾಗಿ ಹುರಿದ ಧಾನ್ಯ ಸೇರಿಸಿದರೂ ಇಡೀ ಟ್ಯಾಂಕ್ ಕಪ್ಪಾಗುತ್ತದೆ. ಆಲ್ಕೋಹಾಲ್ ಬರುವುದು ಯೀಸ್ಟ್ ತಿಂದ ಸಕ್ಕರೆಯಿಂದ. ಎರಡಕ್ಕೂ ಸಂಬಂಧವಿಲ್ಲ. ಐರ್ಲೆಂಡಿನ ಪ್ರಸಿದ್ಧ ಕಪ್ಪು ಬಿಯರ್ ಗಿನ್ನೆಸ್ ಡ್ರಾಟ್‌ನಲ್ಲಿ ಇರುವುದು 4.2 ಶೇಕಡಾ ಆಲ್ಕೋಹಾಲ್. ಹೊಂಬಣ್ಣದ ಬೆಲ್ಜಿಯನ್ ಟ್ರಿಪಲ್‌ನಲ್ಲಿ ಸಾಮಾನ್ಯವಾಗಿ 8ರಿಂದ 9 ಶೇಕಡಾ.

ಕಹಿ ಇದ್ದರೆ ಸ್ಟ್ರಾಂಗ್ ಎನ್ನುವುದೂ ತಪ್ಪು. ಮೆನುವಿನಲ್ಲಿ ‘ಐಬಿಯು’ ಎಂದು ಕಾಣುವ ಅಂಕಿ ಹಾಪ್ಸ್‌ನ ಕಹಿಯ ಅಳತೆ. ‘ಎಬಿವಿ’ ಎನ್ನುವುದು ಆಲ್ಕೋಹಾಲ್‌ನ ಅಳತೆ, 100 ಮಿ.ಲೀ. ಬಿಯರ್‌ನಲ್ಲಿ ಎಷ್ಟು ಮಿ.ಲೀ. ಶುದ್ಧ ಆಲ್ಕೋಹಾಲ್ ಇದೆ ಎಂಬುದು. ಇವೆರಡೂ ಬೇರೆಬೇರೆ.

ಆಲ್ಕೋಹಾಲ್ ಎಷ್ಟಿದೆ ಎಂಬುದನ್ನು ನಾಲಗೆ ಅಳೆಯಲಾರದು. ತಂಪು, ಗುಳ್ಳೆ, ಹಣ್ಣಿನ ಸಿಹಿ ಇವು ಅದನ್ನು ಚೆನ್ನಾಗಿ ಮುಚ್ಚಿಡುತ್ತವೆ. ಬೇಸಿಗೆಯಲ್ಲಿ ಬರುವ ಮಾವಿನಹಣ್ಣಿನ ಬಿಯರ್ ಜ್ಯೂಸಿನಂತೆ ಇಳಿಯಬಹುದು. ಎಬಿವಿ ಓದದೆ ಅದು ಲೈಟ್ ಎಂದುಕೊಳ್ಳುವಂತಿಲ್ಲ.

ಈಗ ಆ ಲೆಕ್ಕ

ಸೂತ್ರ ಸುಲಭ. ಎಷ್ಟು ಮಿ.ಲೀ. ಕುಡಿದಿರೋ ಅದನ್ನು ಎಬಿವಿಯಿಂದ ಗುಣಿಸಿ 100ರಿಂದ ಭಾಗಿಸಿ. ಬರುವುದು ಶುದ್ಧ ಆಲ್ಕೋಹಾಲ್‌ನ ಮಿ.ಲೀ. ಅದನ್ನು 0.79ರಿಂದ ಗುಣಿಸಿದರೆ ಗ್ರಾಂ.

ಹೋಲಿಕೆಗೆ ನಮಗೆ ಗೊತ್ತಿರುವ ಅಳತೆ ಪೆಗ್. ಭಾರತದ ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್. 30 ಮಿ.ಲೀ. ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ.

• 500 ಮಿ.ಲೀ. ಬಿಯರ್, 5 ಶೇಕಡಾ: ಸುಮಾರು 20 ಗ್ರಾಂ. ಎರಡು ಸಣ್ಣ ಪೆಗ್.
• 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿ, 8 ಶೇಕಡಾ: ಸುಮಾರು 41 ಗ್ರಾಂ. ನಾಲ್ಕು ಸಣ್ಣ ಪೆಗ್.

ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿದು ‘ನಾನು ಎಣ್ಣೆ ಮುಟ್ಟಲ್ಲ’ ಎನ್ನುವವರು ನಾಲ್ಕು ಪೆಗ್ ಮುಗಿಸಿರುತ್ತಾರೆ.

ಇನ್ನು ನಮ್ಮ ಹಲಗೆ. ಆರು ಲೋಟ, ತಲಾ 100 ಮಿ.ಲೀ. ಮೆನುವಿನಲ್ಲಿದ್ದ ಎಬಿವಿ ಕ್ರಮವಾಗಿ 4.5, 5, 5, 6, 6.5 ಮತ್ತು 8. ಕೂಡಿದರೆ 35 ಮಿ.ಲೀ. ಶುದ್ಧ ಆಲ್ಕೋಹಾಲ್, ಅಂದರೆ ಸುಮಾರು 28 ಗ್ರಾಂ. ‘ರುಚಿ ನೋಡಿದ್ದೇ’ ಮೂರು ಪೆಗ್‌ಗೆ ಹತ್ತಿರ! ಆಮೇಲೆ ತರಿಸಿದ್ದು 8 ಶೇಕಡಾದ 330 ಮಿ.ಲೀ. ಗ್ಲಾಸ್, ಇನ್ನೊಂದು 21 ಗ್ರಾಂ. ಒಟ್ಟು 49 ಗ್ರಾಂ. ಬೈಕ್ ಕೀ ಹಿಡಿದಿದ್ದ ಗೆಳೆಯನ ಹೊಟ್ಟೆಯಲ್ಲಿ ಇದ್ದದ್ದು ಹೆಚ್ಚುಕಮ್ಮಿ ಐದು ಪೆಗ್.

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಧಿವಿಜ್ಞಾನದಲ್ಲಿ ಬಳಸುವ ವಿಡ್‌ಮಾರ್ಕ್ ಸೂತ್ರದಂತೆ 70 ಕೆ.ಜಿ. ತೂಕದ ಗಂಡಸಿನ ದೇಹಕ್ಕೆ 49 ಗ್ರಾಂ ಸೇರಿದರೆ ಮಟ್ಟ ಸುಮಾರು 100 ಮಿಲಿಗ್ರಾಂ. ಯಕೃತ್ತು ಅದನ್ನು ಗಂಟೆಗೆ ಸರಾಸರಿ 15 ಮಿಲಿಗ್ರಾಂನಂತೆ ಇಳಿಸುತ್ತದೆ. ಎರಡು ಗಂಟೆ ಕೂತು ಕುಡಿದಿದ್ದರೂ ಏಳುವಾಗ 70ರ ಆಸುಪಾಸು, ಅಂದರೆ ಮಿತಿಯ ಎರಡು ಪಟ್ಟಿಗೂ ಹೆಚ್ಚು. ಹೆಂಗಸರ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ಅಷ್ಟೇ ಕುಡಿದರೂ ಮಟ್ಟ ಇನ್ನೂ ಮೇಲೇರುತ್ತದೆ.

ಇದು ಅಂದಾಜು ಮಾತ್ರ. ಊಟ, ತೂಕ, ವಯಸ್ಸು ಎಲ್ಲದರಿಂದಲೂ ಬದಲಾಗುತ್ತದೆ. ‘ನನಗೆ ಎಷ್ಟು ಕುಡಿದು ಓಡಿಸಬಹುದು’ ಎಂದು ಲೆಕ್ಕ ಹಾಕಲು ಇದನ್ನು ಬಳಸಬೇಡಿ. 30ರ ಕೆಳಗಿದ್ದರೂ ಬ್ರೇಕ್ ಒತ್ತುವ ಕಾಲು ನಿಧಾನವಾಗಿರಬಹುದು. ನಿಂಬೆರಸ, ಮಜ್ಜಿಗೆ, ಬ್ಲ್ಯಾಕ್ ಕಾಫಿ, ತಣ್ಣೀರು ಸ್ನಾನ ಯಾವುದೂ ಯಕೃತ್ತಿನ ವೇಗ ಹೆಚ್ಚಿಸುವುದಿಲ್ಲ. ಕಾಫಿ ನಿದ್ದೆ ಓಡಿಸಿ ‘ನಾನು ಸರಿಯಿದ್ದೇನೆ’ ಎಂಬ ಭ್ರಮೆ ಕೊಡುತ್ತದೆ, ಅಷ್ಟೇ.

‘ಕೆಮಿಕಲ್ ಇಲ್ಲ, ಹ್ಯಾಂಗೋವರ್ ಇಲ್ಲ’: ತಪ್ಪು

ಹ್ಯಾಂಗೋವರ್‌ಗೆ ಮುಖ್ಯ ಕಾರಣ ಆಲ್ಕೋಹಾಲೇ. ಅದು ಮೂತ್ರ ಹಿಡಿದಿಡುವ ಹಾರ್ಮೋನನ್ನು ತಡೆದು ದೇಹದ ನೀರನ್ನು ಹೊರಹಾಕಿಸುತ್ತದೆ. ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ, ನಿದ್ದೆಯನ್ನು ಕೆಡಿಸುತ್ತದೆ. ಯಕೃತ್ತಿನಲ್ಲಿ ಒಡೆದಾಗ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗುತ್ತದೆ. ನಿನ್ನೆ ಇಳಿಸಿದ ಬಿಯರ್‌ನಲ್ಲೂ ಇದೇ ಆಲ್ಕೋಹಾಲ್ ಇದೆ.

ಜೀವಂತ ಯೀಸ್ಟ್ ಇದೆ, ಬಿ ವಿಟಮಿನ್ ಇದೆ ಎಂಬ ಮಾತೂ ಜೊತೆಗೆ ಬರುತ್ತದೆ. ವಿಟಮಿನ್ ಸ್ವಲ್ಪ ಇರುವುದು ನಿಜ. ಆದರೆ 500 ಮಿ.ಲೀ. ಬಿಯರ್‌ನಲ್ಲಿ 200ಕ್ಕೂ ಹೆಚ್ಚು ಕ್ಯಾಲೊರಿ ಮತ್ತು 20 ಗ್ರಾಂ ಆಲ್ಕೋಹಾಲ್ ಕೂಡ ಇವೆ. ವಿಟಮಿನ್ ಬೇಕಿದ್ದರೆ ಮೊಳಕೆ ಕಾಳು ಸಾಕು.

‘ಗ್ಲಿಸರಿನ್ ಹಾಕುತ್ತಾರೆ’: ಅರ್ಧ ಗೊತ್ತಿದ್ದು ಪೂರ್ತಿ ತಪ್ಪಾದದ್ದು

ಬಾಟಲಿಯನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ಹಿಡಿದು ‘ಗ್ಲಿಸರಿನ್ ಇಳಿಸುವ’ ವಿಡಿಯೊ ನೋಡಿರಬಹುದು. ಬಿಯರ್‌ನಲ್ಲಿ ಗ್ಲಿಸರಿನ್ ಇರುವುದು ನಿಜ. ಆದರೆ ಅದನ್ನು ತಯಾರಿಸುವುದು ಯೀಸ್ಟ್. ಹುದುಗುವಾಗ ಲೀಟರಿಗೆ ಸುಮಾರು ಒಂದೆರಡು ಗ್ರಾಂ ತಾನಾಗಿ ಹುಟ್ಟುತ್ತದೆ. ಬ್ರೂಪಬ್ ಬಿಯರ್‌ನಲ್ಲೂ ಹುಟ್ಟುತ್ತದೆ. ಕೆಮ್ಮಿನ ಸಿರಪ್‌ಗಳಲ್ಲಿ ಇದಕ್ಕಿಂತ ಹೆಚ್ಚು ಇರಬಹುದು.

ಗ್ಲಿಸರಿನ್ ನೀರಿನಲ್ಲಿ ಪೂರ್ತಿ ಬೆರೆಯುವ ವಸ್ತು. ಕಾಫಿಗೆ ಹಾಕಿ ಕಲಸಿದ ಸಕ್ಕರೆ ಹೇಗೆ ಪ್ರತ್ಯೇಕವಾಗಿ ಕೆಳಗೆ ಇಳಿಯುವುದಿಲ್ಲವೋ ಹಾಗೆಯೇ ಇದೂ. ಬಾಟಲಿ ಬಗ್ಗಿಸಿದಾಗ ಎಣ್ಣೆಯಂತೆ ಇಳಿಯುತ್ತಾ ಕಾಣುವುದು ನೀರಿಗಿಂತ ಸಾಂದ್ರತೆ ಹೆಚ್ಚಿರುವ ಬಿಯರೇ.

‘ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ’: ಅಪಾಯಕಾರಿ ಸುಳ್ಳು

ಫಾರ್ವರ್ಡ್‌ನಲ್ಲಿ ಹೆಚ್ಚು ಹಾನಿ ಮಾಡಬಲ್ಲ ಸಾಲು ಇದು. ಉರಿಮೂತ್ರಕ್ಕೆ ಬಾರ್ಲಿ ನೀರು ಕುಡಿಸುವುದು ನಮ್ಮ ಮನೆಗಳ ರೂಢಿ. ಬಿಯರ್ ಕೂಡ ಬಾರ್ಲಿಯದ್ದೇ, ಮೂತ್ರವೂ ಜಾಸ್ತಿ ಬರುತ್ತದೆ, ಹಾಗಾಗಿ ಕಲ್ಲು ಹೋಗುತ್ತದೆ ಎಂಬ ತರ್ಕ. ಕೇಳಲು ಸರಿಯೆನಿಸುತ್ತದೆ.

ಆದರೆ ಹೆಚ್ಚಿನವರಲ್ಲಿ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಬಿಯರ್ ಅದನ್ನು ಕರಗಿಸುವುದಿಲ್ಲ. ಮತ್ತೆ ‘ನಮ್ಮ ಪಕ್ಕದ ಮನೆಯವರಿಗೆ ಹೋಯಿತಲ್ಲ’ ಎಂದರೆ? 5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲುಗಳಲ್ಲಿ ಬಹುಪಾಲು ತಾವಾಗಿಯೇ ಮೂತ್ರದಲ್ಲಿ ಹೊರಹೋಗುತ್ತವೆ. ಆ ವಾರ ಅವರು ಬಿಯರ್ ಕುಡಿದಿದ್ದರೆ ಕೀರ್ತಿ ಬಿಯರ್‌ಗೆ, ಎಳನೀರು ಕುಡಿದಿದ್ದರೆ ಎಳನೀರಿಗೆ.

ಬಿಯರ್ ಕುಡಿಯುವವರಲ್ಲಿ ಕಲ್ಲು ಆಗುವುದು ಸ್ವಲ್ಪ ಕಡಿಮೆ ಎಂದು ಕೆಲವು ಸಮೀಕ್ಷಾ ಅಧ್ಯಯನಗಳು ಕಂಡಿವೆ. ಫಾರ್ವರ್ಡ್ ಬರೆಯುವವರು ಹಿಡಿದುಕೊಳ್ಳುವುದು ಇದನ್ನೇ. ಅದು ಹೊಸ ಕಲ್ಲು ಹುಟ್ಟುವ ಬಗ್ಗೆ, ಇರುವ ಕಲ್ಲು ಕರಗುವ ಬಗ್ಗೆ ಅಲ್ಲ. ದ್ರವ ಹೆಚ್ಚು ಕುಡಿದರೆ ಮೂತ್ರ ತೆಳುವಾಗುತ್ತದೆ, ಆ ಕೆಲಸಕ್ಕೆ ನೀರು ಸಾಕು. ಬಿಯರ್‌ನಲ್ಲಿರುವ ಪ್ಯೂರೀನ್ ಮತ್ತು ಆಲ್ಕೋಹಾಲ್ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಯೂರಿಕ್ ಆಮ್ಲದ ಕಲ್ಲು ಅಥವಾ ಗೌಟ್ ಇರುವವರಿಗೆ ಅದು ಬೆಂಕಿಗೆ ತುಪ್ಪ.

ಕಲ್ಲು ದಾರಿಗೆ ಅಡ್ಡವಾಗಿ ನಿಂತಿದ್ದಾಗ ಮೂತ್ರ ಹೆಚ್ಚಿಸಿದರೆ ಹಿಂದಿನ ಒತ್ತಡ, ನೋವು ಹೆಚ್ಚಾಗಬಹುದು. ನೋವಿನ ಮಾತ್ರೆಯ ಮೇಲೆ ಆಲ್ಕೋಹಾಲ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ಪಕ್ಕೆನೋವಿನ ಜೊತೆ ಜ್ವರ, ಚಳಿ, ನಿಲ್ಲದ ವಾಂತಿ ಅಥವಾ ಮೂತ್ರ ಕಟ್ಟುವುದು ಇದ್ದರೆ ಅದು ಆಸ್ಪತ್ರೆಗೆ ಓಡುವ ಹೊತ್ತು.

ಹಾಗಾದರೆ ಏನು ಮಾಡಬೇಕು?

ಆರೋಗ್ಯದ ಲೆಕ್ಕದಲ್ಲಿ ಉತ್ತರ ಚಿಕ್ಕದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇಷ್ಟು ಕುಡಿದರೆ ಸುರಕ್ಷಿತ ಎನ್ನುವಂಥ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇದರಲ್ಲಿ ಬಿಯರ್‌ಗೆ, ಕ್ರಾಫ್ಟ್ ಬಿಯರ್‌ಗೆ ವಿನಾಯಿತಿ ಇಲ್ಲ. ಕುಡಿಯದವರು ಆರೋಗ್ಯಕ್ಕೆಂದು ಶುರುಮಾಡಲು ಯಾವ ಕಾರಣವೂ ಇಲ್ಲ.

ಕುಡಿಯುವವರು, ರುಚಿ ನೋಡಿ ಅಂಕ ಕೊಡುವ ಹವ್ಯಾಸ ಇರುವವರು ಇಷ್ಟು ಮಾಡಬಹುದು:

• ಹೆಸರಿಗಿಂತ ಮೊದಲು ಎಬಿವಿ ಓದಿ. ಮೆನುವಿನಲ್ಲಿ ಇಲ್ಲದಿದ್ದರೆ ಕೇಳಿ.
• ಟಿಶ್ಯೂ ಪೇಪರ್ ಮೇಲೆ ಅಂಕದ ಪಕ್ಕ ಇನ್ನೊಂದು ಕಾಲಂ ಎಳೆದು ಕುಡಿದ ಮಿ.ಲೀ. ಬರೆಯಿರಿ.
• ನಾಲ್ವರಿಗೆ ನಾಲ್ಕು ಹಲಗೆ ಬೇಡ, ಒಂದು ಸಾಕು. ಒಬ್ಬೊಬ್ಬರಿಗೆ ಒಂದೊಂದರಲ್ಲಿ 25 ಮಿ.ಲೀ. ಸಿಗುತ್ತದೆ, ತೀರ್ಪು ಕೊಡಲು ಅಷ್ಟು ಧಾರಾಳ.
• ವಾಹನ ತರುವ ಯೋಚನೆಯನ್ನು ಮನೆಯಲ್ಲೇ ಬಿಡಿ. ಕುಡಿದ ಮೇಲೆ ಆ ತೀರ್ಮಾನ ತೆಗೆದುಕೊಳ್ಳುವ ಮಿದುಳು ಮೊದಲಿನದ್ದಾಗಿರುವುದಿಲ್ಲ.

ಬೈಕ್ ಗೆಳೆಯನಿಗೆ ಮಾರನೆಯ ದಿನ ಈ ಲೆಕ್ಕವನ್ನು ಕಳಿಸಿದೆ. ಮೊದಲು ನಗುವ ಇಮೋಜಿ ಬಂತು. ಸಂಜೆ ಹೊತ್ತಿಗೆ ಒಂದೇ ಸಾಲು: ‘ಐದು ಪೆಗ್ಗಾ? ನಿಜವಾಗ್ಲೂ?’ ಆ ಫಾರ್ವರ್ಡನ್ನು ಅವನೇ ಗುಂಪಿನಲ್ಲಿ ಡಿಲೀಟ್ ಮಾಡಿದ್ದ. ನಿಮ್ಮ ಗುಂಪಿಗೂ ಅದು ಬಂದಿದ್ದರೆ ಇದನ್ನು ಅದರ ಕೆಳಗೆ ಹಾಕಿ.